ಬಯಲಲ್ಲಿ ಮಲಗುವವರಿಗೆ ಉಲ್ಲನ್ ಟೊಪಗಿ, ಮಫ್ಲರ್ ಹೆಣೆಯುವ ಬಗೆ

ವಿಜಯಪುರದ ಥಂಡಿ ಒಣ ಥಂಡಿ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ 10 ಡಿಗ್ರಿಯ ಆಸುಪಾಸಿಗೆ ಇಳಿಯುವ ಉಷ್ಣತೆ ಮಧ್ಯಾಹ್ನಕ್ಕೆ 30ರ ಹತ್ತಿರ ಏರಿರುತ್ತದೆ. ರೈಲು ನಿಲ್ದಾಣದಲ್ಲೋ ಬಸ್ ನಿಲ್ದಾಣದಲ್ಲೋ ಗುಡಿಯ ಕಟ್ಟೆಯ ಮೇಲೋ ಮಲಗುವವರಿಗೆ ರಾತ್ರಿ ಬೇಕಾದ ಬಟ್ಟೆ ಹಗಲಿಗೆ ಹೊರೆ. ಇಡಲು ಪೆಟ್ಟಿಗೆಯಿಲ್ಲ, ಗೂಟವಿಲ್ಲ. ದಪ್ಪನೆಯ ಸ್ವೆಟರ್ ಕೊಟ್ಟರೆ ಮಧ್ಯಾಹ್ನದ ಬಿಸಿಲಿಗೆ ತೆಗೆದಿಟ್ಟ ಕಡೆಯೇ ಉಳಿಯುತ್ತದೆ, ಇಲ್ಲವೇ ಕಳುವಾಗುತ್ತದೆ. ಆದ್ದರಿಂದ ಹೆಣೆಯುವ ವಸ್ತು ಮಡಚಿದರೆ ಜೇಬಿಗೋ ಸಣ್ಣ ಚೀಲಕ್ಕೋ ಹೋಗಬೇಕು, ನಲ್ಲಿಯ ಕೆಳಗೆ ಒಗೆಯಲು ಬರಬೇಕು, ಸಂಜೆಯೊಳಗೆ ಒಣಗಬೇಕು. ಈ ಮೂರಕ್ಕೂ ಹೊಂದುವುದು ಟೊಪಗಿ, ಕೊಳವೆ ಮಫ್ಲರ್, ಹಿಮ್ಮಡಿ ಇಲ್ಲದ ಕಾಲುಚೀಲ.

ಹೊದಿಕೆ ಹೆಣೆಯಲು ಹೋಗಬೇಡಿ. ಒಂದಕ್ಕೆ ಕಿಲೋಗಟ್ಟಲೆ ದಾರ, ತಿಂಗಳುಗಟ್ಟಲೆ ಕೆಲಸ. ಅಷ್ಟಾದರೂ ನಮ್ಮ ಕುರಿ ಉಣ್ಣೆಯ ಕಂಬಳಿಗೆ ಸಾಟಿಯಾಗದು. ಹೊದಿಕೆ ಕೊಡಬೇಕೆನಿಸಿದರೆ ಕಂಬಳಿ ಕೊಳ್ಳಿ, ಇಲ್ಲವೇ ಹಳೆ ಸೀರೆಗಳಿಂದ ಕೌದಿ ಹೊಲಿಸಿ.

ದಾರದ ಆಯ್ಕೆಯಲ್ಲಿ ಒಂದು ತೊಡಕಿದೆ. ಪೇಟೆಯಲ್ಲಿ ‘ಉಲ್ಲನ್’ ಎಂದು ಸಿಗುವುದರಲ್ಲಿ ಬಹುಪಾಲು ಅಕ್ರಿಲಿಕ್ ಎಂಬ ಕೃತಕ ದಾರ. ಅದು ಅಗ್ಗ, ಚುಚ್ಚುವುದಿಲ್ಲ, ಕಲ್ಲಿನ ಮೇಲೆ ಒಗೆದರೂ ಕುಗ್ಗುವುದಿಲ್ಲ, ಬೇಗ ಒಣಗುತ್ತದೆ. ಆದರೆ ಬೆಂಕಿಯ ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಅಪ್ಪಟ ಉಣ್ಣೆ ಕರಗುವುದಿಲ್ಲ. ಕಪ್ಪಾಗಿ ಸುಟ್ಟು, ಬೆಂಕಿ ಸರಿದರೆ ತಾನೇ ಆರುತ್ತದೆ. ಆದರೆ ಅದನ್ನು ಬಿಸಿನೀರಲ್ಲಿ ಉಜ್ಜಿ ಒಗೆದರೆ ಗಂಟುಗಟ್ಟಿ ಮಗುವಿನ ಅಳತೆಗೆ ಬರುತ್ತದೆ. ಒಗೆಯುವ ಕಷ್ಟ ನೋಡಿದರೆ ಅಕ್ರಿಲಿಕ್ಕೇ ಸರಿ. ಕಸ ಕಡ್ಡಿ ಹಚ್ಚಿ ಮೈ ಕಾಯಿಸಿಕೊಳ್ಳುವ ಜಾಗದಲ್ಲಿ ಕೊಡುವುದಾದರೆ ಮಾತ್ರ ಉಣ್ಣೆ ಹೆಚ್ಚಿರುವ ಮಿಶ್ರ ದಾರ ಹುಡುಕಿ. ಯಾವ ದಾರವಾದರೂ ಕುಚ್ಚು, ಗೊಂಡೆ, ಜೋಲಾಡುವ ತುದಿ ಬೇಡ. ಬಣ್ಣ ಬೂದಿ, ಕಂದು, ಕಡುನೀಲಿ, ಮೆರೂನ್ ಇರಲಿ. ತಿಳಿ ಬಣ್ಣ ನಮ್ಮ ಧೂಳಿಗೆ ಎರಡೇ ದಿನದಲ್ಲಿ ಮಾಸುತ್ತದೆ.

ಕಡ್ಡಿಯ ನಂಬರಿನಲ್ಲಿ ಹೊಸಬರು ಎಡವುವುದು ಹೆಚ್ಚು. ನಮ್ಮ ಅಂಗಡಿಗಳ ಹಳೇ ಲೆಕ್ಕದಲ್ಲಿ ನಂಬರ್ ಏರಿದಷ್ಟೂ ಕಡ್ಡಿ ತೆಳ್ಳಗಾಗುತ್ತದೆ: 6 ನಂಬರ್ ಅಂದರೆ 5 ಮಿ.ಮೀ., 8 ಅಂದರೆ 4 ಮಿ.ಮೀ., 10 ಅಂದರೆ 3.25 ಮಿ.ಮೀ. ಅಮೆರಿಕದ ನಂಬರು ಇದರ ತಿರುವುಮುರುವು. ಇಂಟರ್‌ನೆಟ್ಟಿನಲ್ಲಿ ನೋಡಿದ ಮಾದರಿಯ ನಂಬರನ್ನು ಹಾಗೇ ಕೇಳಿದರೆ ತಪ್ಪು ಕಡ್ಡಿ ಕೈಗೆ ಬರುತ್ತದೆ. ಮಿಲಿಮೀಟರ್ ಹೇಳಿ ಕೊಳ್ಳಿ. ಬೇಗ ಮುಗಿಯಲೆಂದು ದಪ್ಪ ಕಡ್ಡಿ ಹಿಡಿಯುವುದು ಇನ್ನೊಂದು ತಪ್ಪು. ಹೆಣೆದ ತುಂಡನ್ನು ದೀಪಕ್ಕೆ ಹಿಡಿದು ನೋಡಿ: ಬೆಳಕು ಚುಕ್ಕಿ ಚುಕ್ಕಿಯಾಗಿ ಹಾಯ್ದರೆ ಗಾಳಿಯೂ ಹಾಯುತ್ತದೆ.

ಟೊಪಗಿಗೆ ಮಧ್ಯಮ ದಪ್ಪದ ದಾರ 80 ಗ್ರಾಂ, 8 ನಂಬರಿನ ಜೋಡಿ ಕಡ್ಡಿ, ದಪ್ಪ ಕಣ್ಣಿನ ಸೂಜಿ ಸಾಕು. ಮೊದಲು 30 ಕುಣಿಕೆ ಹಾಕಿ, ಒಂದು ಸಾಲು ಸೀದಾ (ದಾರ ಹಿಂದೆ ಇಟ್ಟು ಹೆಣೆಯುವುದು), ಒಂದು ಸಾಲು ಉಲ್ಟಾ (ದಾರ ಮುಂದೆ ಇಟ್ಟು ಹೆಣೆಯುವುದು) ಎಂದು ಅಂಗೈಯಗಲದ ತುಂಡು ಹೆಣೆದು ಅಳೆಯಿರಿ. 22 ಕುಣಿಕೆಗೆ 10 ಸೆಂ.ಮೀ. ಬರಬೇಕು. 10 ಸೆಂ.ಮೀ.ಯಲ್ಲಿ 25–26 ಕುಣಿಕೆ ಕೂತರೆ ನಿಮ್ಮ ಕೈ ಬಿಗಿ, 7 ನಂಬರ್ ಹಿಡಿಯಿರಿ. 19–20 ಬಂದರೆ ಸಡಿಲ, 9ಕ್ಕೆ ಹೋಗಿ.

ಈಗ 114 ಕುಣಿಕೆ ಹಾಕಿ. ಎರಡು ಕಡ್ಡಿ ಜೋಡಿಸಿ ಹಿಡಿದು ಅವುಗಳ ಮೇಲೆ ಕುಣಿಕೆ ಹಾಕಿ, ಆಮೇಲೆ ಒಂದನ್ನು ಎಳೆದುಬಿಡಿ. ಅಂಚು ಸಡಿಲವಾಗಿರಲು ಇದೇ ಉಪಾಯ. ಕೊಟ್ಟ ಟೊಪಗಿಗಳನ್ನು ಜನ ಹಾಕಿಕೊಳ್ಳದೇ ಇರುವುದಕ್ಕೆ ಮುಖ್ಯ ಕಾರಣ ಬಿಗಿ ಅಂಚು. ರಾತ್ರಿಯಿಡೀ ಹಣೆ ಕಚ್ಚಿದರೆ ಯಾರು ಹಾಕಿಯಾರು?

ಮೊದಲ ಸಾಲು: 2 ಸೀದಾ, 2 ಉಲ್ಟಾ, ಹೀಗೆ ಕೊನೆಯವರೆಗೆ, ಕೊನೆಯ 2 ಸೀದಾ. ಎರಡನೇ ಸಾಲು: 2 ಉಲ್ಟಾದಿಂದ ಶುರು, ಆಮೇಲೆ 2 ಸೀದಾ, 2 ಉಲ್ಟಾ ಕೊನೆಯವರೆಗೆ. ಈ ಎರಡು ಸಾಲುಗಳನ್ನೇ ತಿರುಗಿ ತಿರುಗಿ ಹೆಣೆದು 25 ಸೆಂ.ಮೀ. ಎತ್ತರ ಮಾಡಿ, ಸುಮಾರು 70 ಸಾಲಾಗುತ್ತದೆ. ನಿಲ್ಲಿಸುವುದು ಎರಡನೇ ಬಗೆಯ ಸಾಲಿನ ಮೇಲೆ. ಪಟ್ಟಿ ತಾನೇ ಒಳಗೆ ಮುದುಡಿಕೊಂಡು ಟೊಪಗಿ ಚಿಕ್ಕದಾಯಿತೇನೋ ಅನ್ನಿಸುತ್ತದೆ, ಗಾಬರಿ ಬೇಡ. ಆ ಮುದುಡುವ ಗುಣದಿಂದಲೇ ಒಂದು ಟೊಪಗಿ ಹಲವು ಅಳತೆಯ ತಲೆಗೆ ಕೂರುತ್ತದೆ.

ನೆತ್ತಿ ಕಟ್ಟುವುದು ಏಳೇ ಸಾಲಿನ ಕೆಲಸ:

1. 2 ಸೀದಾ, ಮುಂದಿನ 2 ಉಲ್ಟಾ ಕೂಡಿಸಿ ಒಂದು ಮಾಡಿ. ಕೊನೆಗೆ 2 ಸೀದಾ. ಉಳಿಯುವುದು 86.
2. 2 ಉಲ್ಟಾ, ಆಮೇಲೆ 1 ಸೀದಾ 2 ಉಲ್ಟಾ ಕೊನೆಯವರೆಗೆ.
3. 2 ಸೀದಾ ಕೂಡಿಸಿ ಒಂದು, 1 ಉಲ್ಟಾ. ಕೊನೆಯ 2 ಕೂಡಿಸಿ ಒಂದು. ಉಳಿಯುವುದು 57.
4. 1 ಉಲ್ಟಾ, ಆಮೇಲೆ 1 ಸೀದಾ 1 ಉಲ್ಟಾ ಕೊನೆಯವರೆಗೆ.
5. ಎರಡೆರಡು ಕೂಡಿಸುತ್ತ ಸೀದಾ, ಕೊನೆಯದು ಒಂಟಿ. ಉಳಿಯುವುದು 29.
6. ಪೂರ್ತಿ ಉಲ್ಟಾ.
7. ಮತ್ತೆ ಎರಡೆರಡು ಕೂಡಿಸಿ ಸೀದಾ. ಉಳಿಯುವುದು 15.

ಲೆಕ್ಕ ತಪ್ಪಿದ್ದರೆ ಮೂರನೇ ಸಾಲಿನಲ್ಲೇ ಸಿಕ್ಕಿಬೀಳುತ್ತದೆ, ಅಲ್ಲಿ ಒಮ್ಮೆ ಎಣಿಸಿ. ದಾರವನ್ನು ಅರ್ಧ ಮೀಟರ್ ಬಿಟ್ಟು ಕತ್ತರಿಸಿ, ಸೂಜಿಯಿಂದ 15 ಕುಣಿಕೆಗಳ ಒಳಗೆ ಎರಡು ಸಲ ಹಾಯಿಸಿ ಎಳೆದು ಬಿಗಿಯಿರಿ. ಒಂದೇ ಸಲ ಹಾಯಿಸಿದರೆ ಕೆಲವೇ ವಾರದಲ್ಲಿ ನೆತ್ತಿಯಲ್ಲಿ ತೂತು ಬೀಳುತ್ತದೆ. ಅದೇ ದಾರದಿಂದ ಬದಿ ಹೊಲಿಯಿರಿ. ಕೆಳಗಿನ 7 ಸೆಂ.ಮೀ. ಮೇಲಕ್ಕೆ ಮಡಚುವ ಭಾಗ. ಅಷ್ಟನ್ನು ಹೊಲಿಗೆ ಹೊರಮೈಗೆ ಬರುವಂತೆ ಹೊಲಿದರೆ ಮಡಚಿದಾಗ ಒಳಗೆ ಅಡಗುತ್ತದೆ. ಮಲಗುವಾಗ ಈ ಮಡಿಕೆ ಬಿಚ್ಚಿ ಎಳೆದರೆ ಕಿವಿ, ಹಿಂಗತ್ತು ಮುಚ್ಚುತ್ತದೆ. ಅಕ್ರಿಲಿಕ್ ಜಾರುವ ದಾರ, ಗಂಟು ನಿಲ್ಲದು. ತುದಿಗಳನ್ನು 15 ಸೆಂ.ಮೀ. ಬಿಟ್ಟು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಅಡ್ಡ ಹಾಯಿಸಿ ಮುಗಿಸಿ. ಇಸ್ತ್ರಿ ಮಾತ್ರ ಹಾಕಲೇಬೇಡಿ: ಬಿಸಿ ತಾಗಿದ ಅಕ್ರಿಲಿಕ್ ಚಪ್ಪಟೆಯಾಗುತ್ತದೆ, ಎಳೆತ ಮತ್ತೆ ಬರುವುದಿಲ್ಲ.

ಕೊಳವೆ ಮಫ್ಲರ್ ಕಲಿಯುವವರ ಕೈಗೂ ಆಗುತ್ತದೆ. ಅದೇ ಕಡ್ಡಿಯಲ್ಲಿ 62 ಕುಣಿಕೆ ಹಾಕಿ, ಎಲ್ಲ ಸಾಲೂ ಸೀದಾ ಹೆಣೆದು, 60 ಸೆಂ.ಮೀ. ಉದ್ದವಾದ ಮೇಲೆ ಎರಡೂ ತುದಿ ಕೂಡಿಸಿ ಹೊಲಿಯುವುದು, ಅಷ್ಟೇ. 100ರಿಂದ 120 ಗ್ರಾಂ ದಾರ ಬೇಕು. ಉದ್ದ ಮಫ್ಲರಿನಂತೆ ಜಾರಿ ಬೀಳದು, ತುದಿ ಒಲೆಗೆ ತಾಗದು, ಮೂಗಿನ ತನಕ ಏರಿಸಬಹುದು. ರುಮಾಲು ಸುತ್ತುವ, ಗಾಂಧಿ ಟೊಪಗಿ ಹಾಕುವ ಅಜ್ಜಂದಿರು ಉಲ್ಲನ್ ಟೊಪಗಿಗಿಂತ ಇದನ್ನೇ ಇಷ್ಟಪಡುತ್ತಾರೆ.

ವಯಸ್ಸಾದ ಹೆಣ್ಣುಮಕ್ಕಳಿಗೆ ಟೊಪಗಿ ಹೊಂದದು. ತುರುಬು ಅಡ್ಡ ಬರುತ್ತದೆ, ತಲೆಮೇಲಿನ ಸೆರಗು ಜಾರುತ್ತದೆ. ಅವರಿಗೆ ಮೂರು ಮೂಲೆಯ ಶಾಲು ಹೆಣೆಯಿರಿ: 3 ಕುಣಿಕೆಯಿಂದ ಶುರು ಮಾಡಿ, ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಎರಡು ಸಲ ಹೆಣೆದು ಒಂದೊಂದು ಹೆಚ್ಚಿಸುತ್ತ, ಎಲ್ಲ ಸಾಲೂ ಸೀದಾ, 250 ಕುಣಿಕೆ ಆಗುವವರೆಗೆ. ಅಗಲ ಹತ್ತಿರ ಹತ್ತಿರ 120, ಆಳ 60 ಸೆಂ.ಮೀ. ಬರುತ್ತದೆ, ದಾರ ಕಾಲು ಕಿಲೋ. ಇಷ್ಟು ಕುಣಿಕೆ ನೇರ ಕಡ್ಡಿಯಲ್ಲಿ ಹಿಡಿಸುವುದಿಲ್ಲ, ನಡುವೆ ವೈರ್ ಇರುವ ಉದ್ದ ಕಡ್ಡಿ ತನ್ನಿ. ಕೊನೆಯ ಸಾಲನ್ನು ಸಡಿಲವಾಗಿ ಮುಚ್ಚಿ, ಇಲ್ಲದಿದ್ದರೆ ಅಂಚು ಬಿಲ್ಲಿನಂತೆ ಬಾಗುತ್ತದೆ.

ಕಾಲುಚೀಲ ಮಲಗುವಾಗಿನ ಉಡುಪು. ಹಗಲು ಹವಾಯಿ ಚಪ್ಪಲಿಯಲ್ಲಿ ಅದು ಕೂರದು. ಯಾರ ಪಾದದ ಅಳತೆಯೂ ಗೊತ್ತಿಲ್ಲದ್ದರಿಂದ ಹಿಮ್ಮಡಿ ಬಿಟ್ಟುಬಿಡಿ. ಎರಡೂ ತುದಿ ಚೂಪಿರುವ 10 ನಂಬರಿನ ನಾಲ್ಕು ಕಡ್ಡಿಯಲ್ಲಿ, ಮೂರರ ಮೇಲೆ 16ರಂತೆ 48 ಕುಣಿಕೆ ಹಂಚಿ, 3 ಸೀದಾ 3 ಉಲ್ಟಾ ಸುತ್ತಿ. ಪ್ರತಿ 4 ಸುತ್ತಿಗೊಮ್ಮೆ ಮಾದರಿಯನ್ನು ಒಂದು ಕುಣಿಕೆ ಪಕ್ಕಕ್ಕೆ ಸರಿಸಿದರೆ ಗೆರೆಗಳು ಸುರುಳಿಯಾಗಿ, ಚೀಲ ಹಿಮ್ಮಡಿಗೆ ತಾನೇ ಅಂಟಿಕೊಳ್ಳುತ್ತದೆ. 38 ಸೆಂ.ಮೀ. ಆದಮೇಲೆ ಬೆರಳ ಭಾಗ: ಸೀದಾ ಹೆಣೆಯುತ್ತ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ 8 ಕಡೆ ಸಮ ಅಂತರದಲ್ಲಿ ಎರಡನ್ನು ಒಂದು ಮಾಡಿ. 8 ಉಳಿದಾಗ ದಾರ ಹಾಯಿಸಿ ಬಿಗಿಯಿರಿ. ಜೋಡಿಗೆ 100 ಗ್ರಾಂ ಹಿಡಿಯುತ್ತದೆ.

ಶ್ರಾವಣದಲ್ಲಿ ಶುರು ಮಾಡಿದರೆ ದೀಪಾವಳಿ ಹೊತ್ತಿಗೆ ಗಂಟು ಸಿದ್ಧವಾಗುತ್ತದೆ. ಸಿದ್ಧೇಶ್ವರ ಜಾತ್ರೆಯ ತನಕ, ಅಂದರೆ ಸಂಕ್ರಾಂತಿಯ ತನಕ ಇಟ್ಟುಕೊಂಡರೆ ಥಂಡಿ ಅರ್ಧ ಕಳೆದಿರುತ್ತದೆ. ಎಲ್ಲವನ್ನೂ ಒಮ್ಮೆ ಒಗೆದು ಒಣಗಿಸಿ; ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆದರೆ ಹಾಕಿಕೊಂಡು ನಿದ್ದೆ ಬರದು. ವಸತಿರಹಿತರ ಆಶ್ರಯ ಕೇಂದ್ರಕ್ಕೆ ಕೊಡುವುದಾದರೆ ಗಂಡಸರೆಷ್ಟು, ಹೆಂಗಸರೆಷ್ಟು, ಮಕ್ಕಳೆಷ್ಟು ಎಂದು ಮೊದಲೇ ಕೇಳಿ. ನಿಲ್ದಾಣದೊಳಗೆ ಹಂಚಲು ಸ್ಟೇಷನ್ ಮಾಸ್ಟರರ ಒಪ್ಪಿಗೆ ಪಡೆಯಿರಿ. ರಾತ್ರಿ ಎಂಟು, ಒಂಬತ್ತರೊಳಗೆ, ಜನ ಎಚ್ಚರವಿರುವಾಗಲೇ ಹೋಗಿ. ಮಲಗಿದವರ ಮೈಮೇಲೆ ಇಟ್ಟು ಬರಬೇಡಿ, ಬೆಳಗಾಗುವುದರೊಳಗೆ ಬೇರೆಯವರ ಪಾಲಾಗಬಹುದು. ಫೋಟೋ ಬೇಡವೇ ಬೇಡ. ‘ಅಜ್ಜಾರ, ಥಂಡಿ ಭಾಳ ಐತಿ, ಟೊಪಗಿ ಬೇಕೇನ್ರಿ? ಯಾವ ಬಣ್ಣದ್ದು ಕೊಡ್ಲಿ?’ ಎಂದು ಕೇಳಿ, ನಾಲ್ಕು ಬಣ್ಣ ಮುಂದೆ ಹಿಡಿಯಿರಿ. ಬೇಡ ಅಂದರೆ ಒತ್ತಾಯ ಮಾಡಬೇಡಿ. ಹಳೆ ಬಟ್ಟೆಯಲ್ಲಿ ಹೊಲಿದ, ದಾರ ಎಳೆದು ಕಟ್ಟುವ ಚಿಕ್ಕ ಚೀಲವೊಂದನ್ನು ಜೊತೆಗೆ ಕೊಟ್ಟರೆ ಹಗಲಲ್ಲಿ ಟೊಪಗಿ, ಮಫ್ಲರ್ ಎರಡನ್ನೂ ಅದರಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದು.