ಲಾಂಗ್‌ಬೋಗೆ ಹೊಂದುವ ಬಾಣ ಆರಿಸಿಕೊಂಡ ಬಗೆ: ನನ್ನ ಅನುಭವ

ನನ್ನ ಲಾಂಗ್‌ಬೋಗೆ, ಅಂದರೆ ಹಳೆಯ ಬಗೆಯ ಉದ್ದನೆಯ ಮರದ ಬಿಲ್ಲಿಗೆ, ಬಾಣ ಹುಡುಕಲು ಹೊರಟಾಗ ನಾನು ಮಾಡಿದ ಮೊದಲ ಕೆಲಸ, ಬಿಲ್ಲಿನ ಮೇಲೆ ಬರೆದಿದ್ದ 40 ಪೌಂಡನ್ನು ಸದ್ಯಕ್ಕೆ ಪಕ್ಕಕ್ಕಿಟ್ಟದ್ದು. ಆ ಅಂಕಿ ಹೆದೆಯನ್ನು 28 ಇಂಚು ಎಳೆದು ಹಿಡಿಯಲು ಬೇಕಾಗುವ ಬಲದ ಲೆಕ್ಕ. ಎಲ್ಲರ ತೋಳೂ ಅಷ್ಟೇ ಎಳೆಯುವುದಿಲ್ಲ. ಬಾಣ ಹೊಂದಬೇಕಾದದ್ದು ನನ್ನ ಬೆರಳಿಗೆ ಬೀಳುವ ಭಾರಕ್ಕೆ, ಬಿಲ್ಲಿನ ಮೇಲಿನ ಬರಹಕ್ಕಲ್ಲ.

ಉದ್ದನೆಯ ಬಾಣವೊಂದರ ಮೇಲೆ ಅರ್ಧರ್ಧ ಇಂಚಿಗೆ ಗುರುತು ಹಾಕಿಕೊಂಡೆ. ಗುರಿಯ ಎದುರು ನಿಂತು, ಕೈ ದವಡೆಯ ಹತ್ತಿರ ಸರಿಯಾಗಿ ಬಂದು ನಿಲ್ಲುವವರೆಗೆ ಎಳೆದೆ. ಪಕ್ಕದಲ್ಲಿದ್ದ ಗೆಳೆಯ ಬಿಲ್ಲಿನ ಮುಂಬದಿಗೆ ಯಾವ ಗುರುತು ಬಂತೆಂದು ನೋಡಿದ. ದಣಿವಾಗದಷ್ಟು ಸಲ ಎಳೆದು ನೋಡಿದಾಗ 27 ಇಂಚಿನ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಇಂಥ ಬಿಲ್ಲಿನಲ್ಲಿ ಒಂದು ಇಂಚು ಕಡಿಮೆ ಎಳೆದರೆ ಎರಡು, ಎರಡೂವರೆ ಪೌಂಡು ಇಳಿಯುತ್ತದೆ. ಅಂದರೆ ನಾನು ಹಿಡಿದು ನಿಲ್ಲುವುದು ಸುಮಾರು 38 ಪೌಂಡು. ಕಲಿಯುವವರ ಎಳೆತ ಭುಜ, ಬೆನ್ನು ಪಳಗಿದಂತೆ ಉದ್ದವಾಗುತ್ತದೆ. ಹಾಗಾಗಿ ಬಾಣವನ್ನು ಎಳೆತಕ್ಕಿಂತ ಒಂದು ಇಂಚಿಗೂ ತುಸು ಹೆಚ್ಚೇ ಉದ್ದ ಬಿಟ್ಟೆ. ಮೊನೆ ಬಿಲ್ಲಿನ ಒಳಬದಿಗೆ, ಹಿಡಿದ ಕೈಯ ಹಿಂದಕ್ಕೆ ಬಂದರೆ ಅಪಾಯ. ಅದರಲ್ಲಿ ರಾಜಿ ಬೇಡ.

ಇನ್ನು ಸ್ಪೈನ್, ಅಂದರೆ ಬಾಣದ ಬಿಗಿ. ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇದೇ. ಲಾಂಗ್‌ಬೋದಲ್ಲಿ ಬಾಣ ಕೂರುವುದು ಹಿಡಿಯ ನಡುವೆ ಅಲ್ಲ, ಪಕ್ಕದಲ್ಲಿ. ಬಲಗೈಯಲ್ಲಿ ಎಳೆಯುವವನ ಬಾಣ ಗುರಿಯಿಂದ ತುಸು ಎಡಕ್ಕೇ ಮುಖ ಮಾಡಿರುತ್ತದೆ. ಹೆದೆ ಬಿಟ್ಟ ಕೂಡಲೇ ದಂಡ ಬಾಗಿ, ಬಿಲ್ಲನ್ನು ಸುತ್ತಿ ಹಾದು, ಮತ್ತೆ ಇನ್ನೊಂದು ಕಡೆಗೆ ಬಾಗಿ, ಆಮೇಲೆ ನೆಟ್ಟಗಾಗುತ್ತದೆ. ಮೀನು ನೀರಿನಲ್ಲಿ ಹೊರಳಿ ಸಾಗಿದ ಹಾಗೆ. ಅಮೆರಿಕದ ಬಿಲ್ಲುಗಾರ ರಾಬರ್ಟ್ ಎಲ್ಮರ್ 1913ರಲ್ಲಿ ಇದನ್ನು 'ಆರ್ಚರ್ಸ್ ಪ್ಯಾರಡಾಕ್ಸ್' (ಬಿಲ್ಲುಗಾರನ ವಿರೋಧಾಭಾಸ) ಎಂದು ಕರೆದರು. 1930ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಆ ಬಾಗುವಿಕೆಯನ್ನು ಸೆರೆಹಿಡಿದರು. ದಂಡ ತೀರಾ ಗಡುಸಾದರೆ ಸುತ್ತಿ ಹೋಗಲಾರದೆ ಬಿಲ್ಲಿಗೆ ತಾಗುತ್ತದೆ, ಎಡಕ್ಕೆ ಸಿಡಿಯುತ್ತದೆ. ತೀರಾ ಮೆತ್ತಗಾದರೆ ಬಲಕ್ಕೆ.

ಮರದ ದಂಡದ ಸ್ಪೈನ್ ಅಳೆಯುವ ಕ್ರಮ ಸರಳ. 26 ಇಂಚು ಅಂತರದ ಎರಡು ಆಧಾರಗಳ ಮೇಲೆ ದಂಡ ಇಟ್ಟು, ನಡುವೆ ಎರಡು ಪೌಂಡು ತೂಗುಹಾಕುತ್ತಾರೆ. ಎಷ್ಟು ಇಂಚು ಜಗ್ಗಿತೋ ಅದರಿಂದ 26ನ್ನು ಭಾಗಿಸಿದರೆ ಸ್ಪೈನ್. 0.65 ಇಂಚು ಜಗ್ಗಿದರೆ 40 ಪೌಂಡು. ಕಾರ್ಬನ್ ಬಾಣದ ಮೇಲಿನ 500, 600 ಬೇರೆಯೇ ಲೆಕ್ಕ, ಅಲ್ಲಿ ಅಂಕಿ ಹೆಚ್ಚಾದಷ್ಟೂ ಬಾಣ ಮೆತ್ತಗೆ. ಎರಡನ್ನೂ ಕಲಸಿಕೊಳ್ಳಬಾರದು.

ಎಷ್ಟು ಪೌಂಡಿನ ಬಿಲ್ಲಿಗೆ ಯಾವ ಸ್ಪೈನ್ ಎಂದು ಹೇಳುವ ಪಟ್ಟಿ ನೋಡಿ ಒಂದು ಡಜನ್ ತರುವ ಬದಲು ಪೋರ್ಟ್ ಆರ್ಫರ್ಡ್ ಸೀಡರ್ ಮರದ ದಂಡಗಳನ್ನು 30-35, 35-40, 40-45 ಪೌಂಡು ಸ್ಪೈನಿನ ಈ ಮೂರು ಗುಂಪಿನಿಂದ ಒಂದೆರಡರಂತೆ ತಂದೆ. ಎಲ್ಲಕ್ಕೂ ಒಂದೇ ಉದ್ದ, 125 ಗ್ರೇನಿನ ಒಂದೇ ಮೊನೆ (ಗ್ರೇನ್ ಎಂದರೆ ಬಾಣ ತೂಗುವ ಸಣ್ಣ ಅಳತೆ, ಸುಮಾರು 0.065 ಗ್ರಾಂ). ಪ್ರತಿ ಗುಂಪಿನಲ್ಲೂ ಗರಿ ಅಂಟಿಸಿದ ಬಾಣ, ಗರಿಯಿಲ್ಲದ ಬಾಣ ಎರಡನ್ನೂ ಹತ್ತಿರದಿಂದ ಬಿಟ್ಟು ನೋಡಿದೆ. ಗರಿಯಿಲ್ಲದ್ದು ಸುಳ್ಳು ಹೇಳುವುದಿಲ್ಲ. 40-45ರದ್ದು ಎಡಕ್ಕೆ ಹೋಯಿತು. ಬಿಡುವಾಗ ಬಿಲ್ಲಿನ ಪಕ್ಕದಲ್ಲಿ 'ಟಕ್' ಎಂಬ ಸದ್ದು, ಹಿಡಿಗೆ ಸುತ್ತಿದ ಚರ್ಮದ ಮೇಲೆ ಉಜ್ಜಿದ ಗೆರೆ. 30-35ರದ್ದು ಬಲಕ್ಕೆ ವಾಲಿತು. 35-40ರ ಗುಂಪಿನ ಎರಡೂ ಬಾಣ ಒಂದರ ಪಕ್ಕ ಒಂದು ನೆಟ್ಟವು. ಅಲ್ಲಿಂದಾಚೆ ಸಣ್ಣ ಹೊಂದಾಣಿಕೆಗೆ ಮೊನೆಯ ತೂಕ ಸಾಕು: ಹೆಚ್ಚಿಸಿದರೆ ಬಾಣ ಮೆತ್ತಗಾದಂತೆ ವರ್ತಿಸುತ್ತದೆ, ಇಳಿಸಿದರೆ ಗಡುಸಾದಂತೆ. ದಂಡ ಕತ್ತರಿಸಿದರೂ ಗಡುಸಾಗುತ್ತದೆ, ಆದರೆ ಕತ್ತರಿಸಿದ್ದನ್ನು ಮತ್ತೆ ಜೋಡಿಸಲಾಗದು. ಅದಕ್ಕೇ ಕತ್ತರಿ ಕೊನೆಗೆ.

ಇಷ್ಟಾದ ಮೇಲೆ ಒಟ್ಟು ತೂಕ ನೋಡಿದೆ. ಎಳೆತದ ಪ್ರತಿ ಪೌಂಡಿಗೆ 9-10 ಗ್ರೇನ್ ಇದ್ದರೆ ಲಾಂಗ್‌ಬೋಗೆ ಹಿತ. ನನಗೆ ಅದು 380 ಗ್ರೇನ್ ಸುತ್ತಮುತ್ತ, ಅಂದರೆ ಸುಮಾರು 25 ಗ್ರಾಂ. ಹಗುರ ಬಾಣ ವೇಗವಾಗಿ ಹೋಗುತ್ತದೆ ನಿಜ, ಆದರೆ ಉಳಿದ ಶಕ್ತಿಯೆಲ್ಲ ಬಿಲ್ಲಿನಲ್ಲೇ ಅದುರುತ್ತದೆ. ಮರದ ಬಿಲ್ಲಿಗೆ ಆ ಹಿಂಸೆ ಬೇಡ.

ಗರಿ ಹಕ್ಕಿಯದೇ ಆಗಬೇಕು. ಬಾಣ ಬಿಲ್ಲಿಗೂ ಕೈಗೂ ಸವರಿಕೊಂಡೇ ಹೋಗುವುದರಿಂದ ಗರಿ ಮಡಿಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಆದರೆ ಬಾಣವನ್ನೇ ಆಚೆ ತಳ್ಳುತ್ತದೆ. ಒಂದು ಬಾಣದ ಮೂರೂ ಗರಿ ಒಂದೇ ಬದಿಯ ರೆಕ್ಕೆಯವಾಗಿರಬೇಕು. ಗರಿಯ ಮುಂತುದಿಯ ಕಡ್ಡಿಯನ್ನು ಉಜ್ಜಿ ಸಣ್ಣಗೆ ಮಾಡಿ, ಮೇಲೆ ದಾರ ಸುತ್ತಿ, ಒಂದು ಹನಿ ಅಂಟು ಹಾಕಿದೆ. ಕೈಯ ಮೇಲಿಂದ ಬಾಣ ಬಿಡುವವರು ಇದನ್ನು ಬಿಡಲೇಬಾರದು, ಆ ತುದಿ ತೋರುಬೆರಳನ್ನು ಬ್ಲೇಡಿನಂತೆ ಗೀರುತ್ತದೆ. ಬಾಣದ ಹಿಂತುದಿಗೆ ನಾಕ್ (ಹೆದೆ ಹಿಡಿಯುವ ಸಣ್ಣ ತುಣುಕು) ಅಂಟಿಸುವಾಗ, ಮರದ ವರ್ಷದ ಗೆರೆಗಳು ಹೆದೆ ಕೂರುವ ಸೀಳಿಗೆ ಅಡ್ಡವಾಗಿ ಬರುವಂತೆ ನೋಡಿಕೊಂಡೆ. ಆಗ ದಂಡದ ಗಟ್ಟಿ ಬದಿ ಬಿಲ್ಲಿನ ಕಡೆಗೆ ಇರುತ್ತದೆ.

ಆಮೇಲೆ 35-40ರ ಗುಂಪಿನಿಂದಲೇ ಡಜನ್ ತರಿಸಿ, ಒಂದೊಂದನ್ನೂ ತೂಗಿ, 10 ಗ್ರೇನಿಗಿಂತ ಹೆಚ್ಚು ವ್ಯತ್ಯಾಸ ಇದ್ದವನ್ನು ಬೇರೆ ಇಟ್ಟೆ. ಉಳಿದವುಗಳ ಗರಿಯ ಹತ್ತಿರ ನಂಬರು ಬರೆದಿದ್ದೇನೆ. ಯಾವ ನಂಬರು ಪದೇಪದೇ ಗುಂಪು ಬಿಟ್ಟು ಬೀಳುತ್ತದೋ ಅದನ್ನು ಮೊದಲು ಕಣ್ಣಿನ ಮುಂದೆ ಉರುಳಿಸಿ ಸೊಟ್ಟ ಇದೆಯೇ ನೋಡುತ್ತೇನೆ, ಆಮೇಲೆ ಮೆಲ್ಲಗೆ ಬಾಗಿಸಿ ಬಿರುಕಿನ ಸದ್ದಿಗೆ ಕಿವಿಗೊಡುತ್ತೇನೆ. ಸೊಟ್ಟವಾದರೆ ಕೈಬಿಸಿಯಲ್ಲಿ ಉಜ್ಜಿ ನೆಟ್ಟಗೆ ಮಾಡಬಹುದು. ಬಿರುಕಾದರೆ ಅಲ್ಲೇ ಮುರಿದು ಹಾಕುತ್ತೇನೆ, ಮತ್ಯಾರೂ ತಿಳಿಯದೆ ಅದನ್ನು ಹೆದೆಗೆ ಹೂಡಬಾರದು.