ಮಳೆಗಾಲದ ಜ್ವರ: ರಿಪೋರ್ಟ್ ನೋಡುವ ಮುಂಚೆ ದಿನ ಎಣಿಸಿ

ಕೊಡಗಿನ ಮಳೆಗಾಲದಲ್ಲಿ ವಾರ್ಡಿಗೆ ಬರುವ ಡೆಂಗಿ, ಇಲಿಜ್ವರ, ಸ್ಕ್ರಬ್ ಟೈಫಸ್ (ಪೊದೆಯ ಸಣ್ಣ ನುಸಿ ಕಚ್ಚಿ ಬರುವ ಜ್ವರ) ಮೊದಲ ಮೂರ್ನಾಲ್ಕು ದಿನ ಒಂದೇ ಥರ ಕಾಣುತ್ತವೆ. ಚಳಿ, ತಲೆನೋವು, ಮೈಕೈ ನೋವು. ಪ್ಲೇಟ್‌ಲೆಟ್ ಮೂರರಲ್ಲೂ ಇಳಿಯಬಹುದು. ಹಾಗಾಗಿ 'ಪ್ಲೇಟ್‌ಲೆಟ್ ಕಡಿಮೆ, ಡೆಂಗಿ' ಎಂದಷ್ಟೇ ಬರೆದ ಕೇಸ್ ಶೀಟನ್ನು ನಾನು ಹೌಸ್ ಸರ್ಜನ್‌ಗೆ (ತರಬೇತಿಯಲ್ಲಿರುವ ಕಿರಿಯ ವೈದ್ಯರಿಗೆ) ವಾಪಸ್ ಕೊಡುತ್ತೇನೆ.

ಮೊದಲ ಕೆಲಸ ಜ್ವರದ ದಿನ ಗೊತ್ತುಮಾಡುವುದು. 'ನಾಲ್ಕೈದು ದಿನ ಆಯ್ತು ಡಾಕ್ಟ್ರೇ' ಎಂಬ ಉತ್ತರದಿಂದ ಉಪಯೋಗವಿಲ್ಲ. 'ಸಂತೆಗೆ ಹೋದಾಗ ಜ್ವರ ಇತ್ತಾ? ಬಟವಾಡೆ ದಿನ ಕೆಲಸಕ್ಕೆ ಹೋಗಿದ್ರಾ?' ಎಂದು ಕೇಳಿದರೆ ಲೈನ್ ಮನೆಯವರು (ತೋಟದ ಕಾರ್ಮಿಕರು) ದಿನವನ್ನು ಸರಿಯಾಗಿ ಹೇಳುತ್ತಾರೆ. ಯಾಕಿಷ್ಟು ಹಟ ಎಂದರೆ, ರಕ್ತದಲ್ಲಿ ಡೆಂಗಿ ವೈರಸ್ಸಿನ ಪ್ರೋಟೀನ್ ಎನ್‌ಎಸ್-1 ಸಿಗುವುದು ಮೊದಲ ಐದು ದಿನದೊಳಗೆ. ರೋಗದ ವಿರುದ್ಧ ದೇಹ ಮೊದಲು ತಯಾರಿಸುವ ಪ್ರತಿಕಾಯ ಐಜಿಎಂ ಏರುವುದು ಆಮೇಲೆ. ಇಲಿಜ್ವರ, ಸ್ಕ್ರಬ್ ಟೈಫಸ್‌ಗಳ ಐಜಿಎಂ ಎಲೈಸಾ (ಪ್ರತಿಕಾಯ ಹುಡುಕುವ ರಕ್ತಪರೀಕ್ಷೆ) ಮೊದಲ ವಾರ ಮುಗಿಯುವ ಹೊತ್ತಿಗೆ ಪಾಸಿಟಿವ್ ಆಗತೊಡಗುತ್ತದೆ. ಮೂರನೇ ದಿನ ಕಳಿಸಿ ನೆಗೆಟಿವ್ ಬಂತೆಂದು ಇಲಿಜ್ವರವನ್ನು ಕೈಬಿಡುವುದೇ ವಿದ್ಯಾರ್ಥಿಗಳು ಹೆಚ್ಚು ಮಾಡುವ ತಪ್ಪು. ಟೈಫಾಯ್ಡ್‌ನ ರಕ್ತಪರೀಕ್ಷೆ ವೈಡಾಲ್ ಒಂದೇ ಸಲ ಮಾಡಿಸಿ ಪಾಸಿಟಿವ್ ಬಂದರೂ ಅದರ ಮೇಲೆ ಟೈಫಾಯ್ಡ್ ಎಂದು ಬರೆಯಬೇಡಿ.

ಎರಡನೆಯದು, ಬಟ್ಟೆ ಸರಿಸಿ ಮೈ ನೋಡುವುದು. ಸ್ಕ್ರಬ್ ಟೈಫಸ್‌ನ ಎಸ್ಕಾರ್, ಅಂದರೆ ನುಸಿ ಕಚ್ಚಿದ ಜಾಗದ ಗಾಯ, ಸಿಗರೇಟು ತಗಲಿದ ಸುಟ್ಟ ಗಾಯದಂತಿರುತ್ತದೆ: ನಡುವೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು, ಅಗಲ ಒಂದು ಸೆಂಟಿಮೀಟರ್ ಆಸುಪಾಸು. ನೋವಿಲ್ಲ, ತುರಿಕೆಯೂ ಇಲ್ಲದ ಕಾರಣ ರೋಗಿಗೇ ಗೊತ್ತಿರುವುದಿಲ್ಲ. ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಸೀರೆಯ ಲಂಗದ ಲಾಡಿ ಕಟ್ಟುವ ಜಾಗ, ಕಿವಿಯ ಹಿಂದೆ, ಜನನಾಂಗ, ಎಲ್ಲವನ್ನೂ ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಹೆಂಗಸರನ್ನು ಪರದೆ ಎಳೆದು, ನರ್ಸ್ ಜೊತೆಯಲ್ಲಿದ್ದಾಗ. ತೇವದ ಮಡಿಕೆಯಲ್ಲಿ ಹಕ್ಕಳೆ ಉದುರಿ ಬರೀ ಹುಣ್ಣು ಉಳಿದಿರಬಹುದು. ತೋಟದಲ್ಲಿ ಜಿಗಣೆ ಕಚ್ಚಿದ ಗುರುತಿನೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ಜಿಗಣೆಯ ಗುರುತು ಸಾಮಾನ್ಯವಾಗಿ ಕಾಲಿನಲ್ಲಿ, ಹಲವು ಕಡೆ ಇರುತ್ತದೆ, ತುರಿಸುತ್ತದೆ. ಎಸ್ಕಾರ್ ಕಾಣದಿದ್ದ ಮಾತ್ರಕ್ಕೆ ರೋಗ ಇಲ್ಲವೆಂದಲ್ಲ.

ಗದ್ದೆ ನಾಟಿಗೆ ಇಳಿದವರಲ್ಲಿ ಮೀನಖಂಡ ಒತ್ತಿದರೆ ವಿಪರೀತ ನೋವು, ಪಿಸುರಿಲ್ಲದ ಕೆಂಗಣ್ಣು ಇದ್ದರೆ ಇಲಿಜ್ವರದ ಕಡೆ ವಾಲುತ್ತೇನೆ. ಕಾಮಾಲೆಯೂ ಇದ್ದರೆ ಬಿಲಿರುಬಿನ್ (ಕಾಮಾಲೆಯ ಹಳದಿ ವರ್ಣದ್ರವ್ಯ) ಮತ್ತು ಎಸ್‌ಜಿಪಿಟಿಯನ್ನು (ಯಕೃತ್ತಿಗೆ ಪೆಟ್ಟಾದಾಗ ಏರುವ ಕಿಣ್ವ) ಅಕ್ಕಪಕ್ಕ ಇಟ್ಟು ನೋಡಿ. ಬಿಲಿರುಬಿನ್ ಬಹಳ ಏರಿ ಎಸ್‌ಜಿಪಿಟಿ ಇನ್ನೂರರೊಳಗೇ ಇದ್ದು, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಕೂಡ ಏರಿದ್ದರೆ ವೈರಲ್ ಹೆಪಟೈಟಿಸ್ ಸಾಧ್ಯತೆ ಕಡಿಮೆ. ಅದರಲ್ಲಿ ಎಸ್‌ಜಿಪಿಟಿ ಸಾವಿರ ದಾಟುವುದು ಸಾಮಾನ್ಯ.

ಹೊರಗಿನಿಂದ ಓದಲು ಬಂದವರಿಗೆ ಇಲ್ಲೊಂದು ಬಲೆಯಿದೆ. ಕೊಡವರ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ಪಾಯಸ ತಿಂದವರ ಮೂತ್ರ ಕೆಂಪಾಗುತ್ತದೆ. ಜ್ವರವೂ ಇದ್ದರೆ ರಕ್ತ ಹೋಗುತ್ತಿದೆ ಎಂದು ಗಾಬರಿ! ನಿನ್ನೆ ಏನು ತಿಂದಿರಿ ಎಂದು ಕೇಳಿ, ಮೂತ್ರಕ್ಕೆ ಡಿಪ್‌ಸ್ಟಿಕ್ (ಪರೀಕ್ಷಾ ಪಟ್ಟಿ) ಅದ್ದಿ, ಸೂಕ್ಷ್ಮದರ್ಶಕದಲ್ಲಿ ಕೆಂಪುಕಣ ಇದೆಯೇ ನೋಡಿ.

ಓದಿನ ವಿಷಯ. ಪಠ್ಯಪುಸ್ತಕ ರೋಗದ ಹೆಸರಿನಿಂದ ಶುರುವಾಗುತ್ತದೆ, ರೋಗಿ ಹೆಸರಿಲ್ಲದೆ ಬರುತ್ತಾನೆ. ನಾನು ಮೊದಲು ತೆರೆಯುವುದು ರಿಕೆಟ್ಸಿಯಾ ರೋಗಗಳ (ಸ್ಕ್ರಬ್ ಟೈಫಸ್ ಸೇರುವ ಗುಂಪು) ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2015ರಲ್ಲಿ ಕೊಟ್ಟ ಮಾರ್ಗಸೂಚಿ; ಚಿಕ್ಕದು, ಉಚಿತ. ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ಗೆ ಹೋಗುವುದು ಒಂದು ನಿರ್ದಿಷ್ಟ ಪ್ರಶ್ನೆ ಹಿಡಿದುಕೊಂಡು ಮಾತ್ರ, ಹುಡುಕುವಾಗ 'ಸದರ್ನ್ ಇಂಡಿಯಾ' ಸೇರಿಸಿ. ಪೂರ್ತಿ ಲೇಖನಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯ ಹೆಲಿನೆಟ್ ಇದೆ. ವಿದೇಶಿ ಆ್ಯಪ್‌ಗಳ ಪಟ್ಟಿಯಲ್ಲಿ ಸ್ಕ್ರಬ್ ಟೈಫಸ್ ಪ್ರವಾಸಿಗರ ರೋಗವಾಗಿ ಕೊನೆಯಲ್ಲಿರುತ್ತದೆ. ಇಲ್ಲಿ ಅದನ್ನು ಮೇಲಕ್ಕೆ ತಂದುಕೊಳ್ಳಬೇಕಾದವರು ನೀವೇ.

ಸ್ಕ್ರಬ್ ಟೈಫಸ್ ಸಂಶಯ ಬಲವಾಗಿದ್ದರೆ ಎಲೈಸಾಗೆ ಕಾಯುವಂತಿಲ್ಲ. ದೊಡ್ಡವರಿಗೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ, ಕನಿಷ್ಠ 7 ದಿನ. ಗರ್ಭಿಣಿಗೆ ಅಜಿಥ್ರೊಮೈಸಿನ್ 500 ಮಿಲಿಗ್ರಾಂ ದಿನಕ್ಕೊಂದು, 5 ದಿನ. ಶುರುಮಾಡಿದ ಗಂಟೆಯನ್ನು ಕೇಸ್ ಶೀಟಿನಲ್ಲಿ ಬರೆಯಿಸುತ್ತೇನೆ. ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಇಳಿಯಬೇಕು. ಇಳಿಯದಿದ್ದರೆ ಮಾತ್ರೆ ಬದಲಿಸುವ ಮುಂಚೆ ದಿನದ ಲೆಕ್ಕ, ಮೈ ಪರೀಕ್ಷೆ ಎರಡನ್ನೂ ಮೊದಲಿಂದ ಮಾಡುತ್ತೇವೆ.