ಎಂಜಿನ್ ಆಯಿಲ್ ತರಲು ಹೋಗುವಾಗ ಈ ಒಂದು ಫೋಟೋ ಇರಲಿ

ಬೈಕಿಗೆ ಆಯಿಲ್ ತರಲು ಹೋಗುವ ಮೊದಲು ಓನರ್ಸ್ ಮ್ಯಾನುಯಲ್‌ನಲ್ಲಿ ಆಯಿಲ್ ವಿವರ (ಉದಾಹರಣೆಗೆ 10ಡಬ್ಲ್ಯು-30 ಅನ್ನುವ ದಪ್ಪದ ಗ್ರೇಡ್) ಇರುವ ಪುಟದ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಪಕ್ಕ ನಿಂತವರು "ಮಂಗಳೂರಿನ ಸೆಖೆಗೆ ಇದು ತೆಳು ಆಯ್ತು ಮಾರಾಯ್ರೆ, ಇನ್ನೂ ದಪ್ಪದ 20ಡಬ್ಲ್ಯು-50 ಹಾಕಿ" ಅಂದರೆ ವಾದಕ್ಕೆ ಇಳಿಯಬೇಡಿ. ಫೋಟೋ ತೋರಿಸಿ, "ಕಂಪನಿಯವರು ಇದನ್ನೇ ಬರೆದಿದ್ದಾರೆ" ಅನ್ನಿ, ಸಾಕು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ, ಬೇಜಾರೂ ಆಗುವುದಿಲ್ಲ. 10ಡಬ್ಲ್ಯು-30ರಲ್ಲಿ ಆ 30 ಅನ್ನುವುದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಇರುತ್ತದೆ ಅನ್ನುವ ಲೆಕ್ಕ. ನಮ್ಮ ಊರಿನ ಸೆಖೆ ಅದರ ಹತ್ತಿರಕ್ಕೂ ಬರುವುದಿಲ್ಲ ಅಲ್ವಾ? ಸುಮ್ನೆ ದಪ್ಪ ಆಯಿಲ್ ಹಾಕಿದರೆ ಎಂಜಿನ್‌ಗೆ ಎಳೆತ ಜಾಸ್ತಿ, ಮೈಲೇಜ್ ಕಡಿಮೆ. ಡಬ್ಬದ ಹಿಂದೆ ಜಾಸೋ (ಜಪಾನಿನ ವಾಹನ ಗುಣಮಟ್ಟ ಸಂಸ್ಥೆ) ಅಂತ ಸಣ್ಣ ಚೌಕದಲ್ಲಿರುವ ಗುರುತನ್ನೂ ಫೋಟೋ ಜೊತೆ ಹೋಲಿಸಿ. ಹೆಚ್ಚಿನ ಗೇರ್ ಬೈಕುಗಳಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಹಾಗಾಗಿ ಆ ಗುರುತಿನಲ್ಲಿ ಎಂಎ ಅಥವಾ ಎಂಎ2 ಅಂತ ಇರಬೇಕು. ಸ್ಕೂಟರಿನ ಎಂಬಿ ಹಾಕಿದರೆ ಕ್ಲಚ್ ಜಾರಬಹುದು. ತುಂಬಾ ಹಳೆಯ ಗಾಡಿ, ಆಯಿಲ್ ಕುಡಿಯುತ್ತಿದೆ, ನೀಲಿ ಹೊಗೆ ಬರುತ್ತಿದೆ ಅಂದರೆ ಈ ಫೋಟೋ ಸಾಲದು. ಆಗ ಎಂಜಿನ್ ಬಿಚ್ಚಿ ನೋಡಿದ ಮೆಕ್ಯಾನಿಕ್ ಮಾತೇ ಕೇಳಿ. ಹಾಂ, ಯಾರಾದರೂ "ಸೀಲ್ ನೋಡಿ ತಗೊಳ್ಳಿ" ಅಂದರೆ ಮಾತ್ರ ಖಂಡಿತ ಕೇಳಿ. ಮುಚ್ಚಳದ ಕೆಳಗಿನ ರಿಂಗ್ ಬಿಟ್ಟುಕೊಂಡಿದ್ದರೆ ಆ ಡಬ್ಬ ಬೇಡ.